ಅವ್ವನ ಹಣೆಗೆ ಕುಂಕುಮ, ನನ್ನದೊಂದು ಹ್ಞೂಂ

'ಮೇಡಂ, ಕುಂಕುಮ ಸಣ್ಣದು ಇಡ್ಲೇನ್ರಿ, ದೊಡ್ಡದು ಇಡ್ಲೇನ್ರಿ?'

ಮೊನ್ನೆ ಕೊಪ್ಪಳದ ಫೋಟೋ ಸ್ಟುಡಿಯೋ ಒಂದರಲ್ಲಿ ನನಗೆ ಎದುರಾದ ಪ್ರಶ್ನೆ ಇದು. ಕೇಳಿದವರು ಸ್ಟುಡಿಯೋ ಮಾಲೀಕರು. ಅವರ ಕಂಪ್ಯೂಟರಿನ ಪರದೆ ತುಂಬ ನನ್ನ ಅವ್ವ ಇದ್ದಳು. ಸಾಲಿಯ ಮಕ್ಕಳ ಜೊತೆ ತೆಗೆಸಿಕೊಂಡ ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ ಮುಖ. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ಕೂದಲು, ದಪ್ಪ ಫ್ರೇಮಿನ ಕನ್ನಡಕ, ಖಾಲಿ ಹಣೆ. ಆ ಹಣೆಯ ಮೇಲೆ ಕೆಂಪು ಚುಕ್ಕೆಯೊಂದು ಜಾಗ ಹುಡುಕುತ್ತಾ ಅತ್ತಿತ್ತ ಸರಿದಾಡುತ್ತಿತ್ತು.

ಕುಂಕುಮ ಇಡಿ ಅಂತ ನಾನು ಹೇಳಿಲ್ಲವಲ್ಲ ಎಂದೆ.

'ನಿಮ್ಮ ಮಾಮಾರು ಯಲಬುರ್ಗಾದಿಂದ ಫೋನ್ ಮಾಡಿದ್ರಲ್ರಿ. ಮುತ್ತೈದಿ ಸಾವು, ಕುಂಕುಮ ತಾಳಿ ಎರಡೂ ಎದ್ದು ಕಾಣಬೇಕು ಅಂದ್ರು. ತಾಳಿನೂ ಅದಾವ್ರಿ ನಮ್ಮ ಹಂತ್ಯಾಕ, ಬ್ಯಾರೆ ಬ್ಯಾರೆ ಡಿಸೈನ್.'

ಸ್ವಲ್ಪ ತಡೀರಿ ಎಂದು ಹೇಳಿ ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಓದುಗರೇ, ಇದು ಹೇಳಿಕೊಳ್ಳಲು ನಾಚಿಕೆಯಾಗುವ ಕತೆ. ಅದಕ್ಕೇ ಇಷ್ಟು ವಾರ ಬೇರೆ ಏನೇನೋ ಬರೆದೆ. (ಹೋದ ವಾರದ ಮಾವಿನಕಾಯಿ ಉಪ್ಪಿನಕಾಯಿ ಅಂಕಣವನ್ನು ಮೆಚ್ಚಿ ಮೆಸೇಜ್ ಮಾಡಿದವರಿಗೆಲ್ಲ ಥ್ಯಾಂಕ್ಸ್. ಅದು ಈ ಬರಹದಿಂದ ತಪ್ಪಿಸಿಕೊಳ್ಳಲು ಬರೆದದ್ದು.)

ಅವ್ವ ತಾವರಗೇರಾ ಹತ್ತಿರದ ಹಳ್ಳಿಯೊಂದರ ಸರಕಾರಿ ಸಾಲಿಯಲ್ಲಿ ಟೀಚರ್ ಆಗಿದ್ದಳು. ಟೀಚರಮ್ಮನಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಗಂಗಾವತಿಯಲ್ಲಿ ಇನ್ನೊಂದು ಸಂಸಾರ ಹೂಡಿದ. ಅಲ್ಲೇ ಅಕ್ಕಿ ವ್ಯಾಪಾರ, ಅಲ್ಲೇ ಮನೆ, ಅಲ್ಲೇ ಹೆಂಡತಿ. ಹಿರಿಯರು ಕೂಡಿದರು. ಗಂಡಸು, ಇವತ್ತಲ್ಲ ನಾಳೆ ಬಂದಾನು, ಕೊರಳಲ್ಲಿ ತಾಳಿ ಇದ್ದರೆ ಸಾಕು ಎಂದು ತೀರ್ಮಾನ ಕೊಟ್ಟು ಚಹಾ ಕುಡಿದು ಎದ್ದು ಹೋದರು.

ಅವ್ವ ನನ್ನನ್ನು ಬಗಲಿಗೆ ಏರಿಸಿಕೊಂಡು ಗಂಗಾವತಿ ಬಸ್ ಹತ್ತಿದಳು. ಅಲ್ಲಿ ಮಗನ ಜೊತೆಗಿದ್ದ ತನ್ನ ಅತ್ತೆಯ ಕೈಯಲ್ಲಿ ತಾಳಿ ಇಟ್ಟು, 'ಇದು ನಿಮ್ಮ ಮನಿ ಸಾಮಾನ್ರಿ, ನಮ್ಮ ಮನ್ಯಾಗ ಇದಕ್ಕ ಕೆಲಸ ಇಲ್ಲ' ಎಂದು ಹೇಳಿ, ಒಂದು ಲೋಟ ನೀರನ್ನೂ ಕುಡಿಯದೆ ಹಿಂದಿರುಗಿದಳಂತೆ. ಕುಂಕುಮವನ್ನೂ ಅವತ್ತೇ ಬಿಟ್ಟಳು. ಆಮೇಲೆ ಅವಳು ಮತ್ತು ನಾನು. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ನನ್ನ ಜಡೆ ಹೆಣೆದು, ನನ್ನನ್ನೂ ಕರೆದುಕೊಂಡೇ ಸಾಲಿಗೆ ಹೋಗುತ್ತಿದ್ದಳು. ನನಗೆ ಜ್ವರ ಬಂದರೆ ಸಾಲಿಯ ಪಡಸಾಲೆಯಲ್ಲೇ ಕೌದಿ ಹಾಸಿ ಮಲಗಿಸಿ ಪಾಠ ಮುಂದುವರಿಸುತ್ತಿದ್ದಳು.

ಹೊಸಬರು ಅವಳನ್ನು ವಿಧವೆ ಎಂದುಕೊಂಡರು. ಗೊತ್ತಿದ್ದವರೂ ಹಾಗೇ ನಡೆಸಿಕೊಂಡರು. ಬಸುರಿಯರ ಕುಬಸಕ್ಕೆ ಕರೆಯುತ್ತಿರಲಿಲ್ಲ, ಕರೆದರೂ ಹಿಂದಿನ ಸಾಲು. ಉಡಿ ತುಂಬುವ ಹೊತ್ತಿಗೆ ಅಕ್ಕಿ, ಖಣ, ಕೊಬ್ಬರಿ ಬಟ್ಟಲು ಅವಳನ್ನು ದಾಟಿ ಪಕ್ಕದವಳ ಮಡಿಲಿಗೆ ಹೋಗುತ್ತಿದ್ದವು. 'ನನ್ನ ಗಂಡ ಗಂಗಾವತ್ಯಾಗ ಗಟ್ಟಿಮುಟ್ಟಾಗಿ ಅದಾನ್ರಿ' ಎಂದು ಒಂದು ಮಾತು ಆಡಿದ್ದರೆ ಖಣವೂ ಸಿಗುತ್ತಿತ್ತು, ಮುಂದಿನ ಸಾಲೂ ಸಿಗುತ್ತಿತ್ತು. ಆ ಮಾತನ್ನು ಅವಳು ಜೀವಮಾನದಲ್ಲಿ ಆಡಲಿಲ್ಲ. ಇಲ್ಲದ ಗಂಡನನ್ನು ಇದ್ದಾನೆ ಎಂದು ತೋರಿಸಿ ಮರ್ಯಾದೆ ತೆಗೆದುಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಸಣ್ಣವಳಿದ್ದಾಗ ನನಗೆ ಸಿಟ್ಟು ಬರುತ್ತಿತ್ತು. ದೊಡ್ಡವಳಾದ ಮೇಲೆ ಅದೇ ಹೆಮ್ಮೆಯಾಯಿತು.

ಸಾಲಿಯಲ್ಲಿ ಅವ್ವನದು ಒಂದೇ ಕಾಯಿದೆ. ಪಾಠ ಮುಗಿಸಿ 'ತಿಳೀತೇನ್ರಲೇ?' ಎಂದು ಕೇಳಿದರೆ ಹುಡುಗರೆಲ್ಲ ಒಟ್ಟಿಗೆ 'ಹ್ಞೂಂ' ಎಂದು ಗೋಣು ಹಾಕುತ್ತಾರಲ್ಲ? ಆ ಹ್ಞೂಂ ಅವಳಿಗೆ ಆಗುತ್ತಿರಲಿಲ್ಲ. ಒಬ್ಬರನ್ನು ಎಬ್ಬಿಸಿ ಕೇಳುವಳು. ತಿಳಿಯದೇ ಹ್ಞೂಂ ಅಂದದ್ದು ಗೊತ್ತಾದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. 'ಖರೇ ಹೇಳೋತನಕ ನಿಂದ್ರು' ಎನ್ನುವಳು, ಅಷ್ಟೇ. ತಿಳೀಲಿಲ್ರಿ ಅಕ್ಕೋರೇ ಎಂದ ಕೂಡಲೇ ಕೂಡಿಸಿ ಮತ್ತೆ ಮೊದಲಿನಿಂದ ಹೇಳಿಕೊಡುವಳು. ಅಂಜಿ ಹ್ಞೂಂ ಅನ್ನುವುದು ಕಲಿತ ಹುಡುಗ ಮುಂದೆ ಎಲ್ಲದಕ್ಕೂ ಹ್ಞೂಂ ಅಂತಾನೆ ಎಂಬುದು ಅವಳ ಮಾತು.

ನನ್ನ ಅಂಕಣಗಳನ್ನು ಅವ್ವ ತಪ್ಪದೇ ಓದುತ್ತಿದ್ದಳು. ಹೋದ ವರ್ಷ ಇದೇ ಜಾಗದಲ್ಲಿ ಮುತ್ತೈದೆ, ವಿಧವೆ ಎಂಬ ಭೇದದ ಬಗ್ಗೆ ಗುಡುಗಿದ್ದೆ, ನೆನಪಿದೆಯೇ? ನೀವೆಲ್ಲ 'ಸೂಪರ್ ಮೇಡಂ' ಎಂದಿರಿ. ಅವ್ವ ಓದಿ ಕನ್ನಡಕ ತೆಗೆದಿಟ್ಟು, 'ಛಲೋ ಬರದೀ. ಬರಿಯೋದು ಸಸಾರ ಐತಿ ಬಿಡು' ಎಂದಿದ್ದಳು. ನಾನು ನಕ್ಕಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅವ್ವ ಏಳಲಿಲ್ಲ. ನಾನು ಕೊಪ್ಪಳದಿಂದ ತಾವರಗೇರಾದ ಮನೆಗೆ ಮುಟ್ಟುವಷ್ಟರಲ್ಲಿ ಅವಳನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಮಾಮಾ ಬಂದಿದ್ದರು. ಅವ್ವನ ತಮ್ಮ, ಅವಳೇ ಎತ್ತಿ ಆಡಿಸಿ ಓದಿಸಿದ ತಮ್ಮ. ನನ್ನನ್ನು ಒಳಕೋಣೆಗೆ ಕರೆದು, ಗಂಗಾವತಿಗೆ ಫೋನ್ ಮಾಡಿದ್ದೇನೆ, ನಿಮ್ಮಪ್ಪ ಹಸಿರು ಸೀರೆ ತಗೊಂಡು ಬರುತ್ತಿದ್ದಾನೆ ಎಂದರು. ಗಂಡ ಬದುಕಿದ್ದಾನೆ ಎಂದ ಮೇಲೆ ಇದು ಮುತ್ತೈದೆ ಸಾವು, ಸುಮ್ಮನೆ ಹಾಗೇ ಕಳಿಸಲಾಗದು ಎಂಬುದು ಅವರ ವಾದ.

'ಯವ್ವಾ, ನಮ್ಮಕ್ಕ ಒಂದು ಹಸಿರು ಬಳಿ ತೊಡಲಿಲ್ಲ, ಒಂದು ಕುಬಸದಾಗ ಮುಂದ ಕುಂದ್ರಲಿಲ್ಲ. ಹೋಗುವಾಗರ ಮುತ್ತೈದಿಯಾಗಿ ಹೋಗಲಿ. ನೀ ಒಂದು ಹ್ಞೂಂ ಅನ್ನು.'

ಹೇಳುತ್ತಾ ಹೇಳುತ್ತಾ ಬಿಕ್ಕಿದರು. ಹೊರಗೆ ಜನ ತುಂಬಿದ್ದರು. ಬೇಡ ಎಂದರೆ ಜಗಳ, ಹೆಣದ ಮುಂದೆ ರಾದ್ಧಾಂತ, 'ಪೇಪರ್‌ನ್ಯಾಗ ಬರಿಯಾಕಿ ಹಂಗ ಮಾಡಿದ್ಲಂತ' ಎಂಬ ಮಾತು. ಯಾಕೆ ಬೇಕು?

ಹ್ಞೂಂ ಅಂದೆ.

ಆಮೇಲೆ ಎಲ್ಲವೂ ಸರಸರ ನಡೆಯಿತು. ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ತಲೆ ತುಂಬ ಹೂವು. ಅವಳನ್ನು ದಾಟಿ ಖಣ ಕೊಡುತ್ತಿದ್ದ ಹೆಂಗಸರೇ ಸಾಲು ನಿಂತು ಉಡಿ ತುಂಬಿದರು, ಅವಳ ಪಾದ ಮುಟ್ಟಿ ತಮ್ಮ ಕಣ್ಣಿಗೆ ಒತ್ತಿಕೊಂಡರು. ಪುಣ್ಯವಂತಿ ಎಂದರು. ಅಪ್ಪನೆಂಬ ಆ ಮುದುಕನನ್ನು ಇಬ್ಬರು ರಟ್ಟೆ ಹಿಡಿದು ಕರೆತಂದರು. ಅವನು ಅವ್ವನ ಮುಖವನ್ನು ನೋಡಿ, ಇವಳೇ ಹೌದೇ ಎನ್ನುವ ಹಾಗೆ ಮಾಮಾನ ಕಡೆ ತಿರುಗಿದ. ಅವನು ಹಣೆಗೆ ಕುಂಕುಮ ಹಚ್ಚಲು ಯಾರಾದರೂ ಬಟ್ಟಲು ಹಿಡಿಯಬೇಕಿತ್ತು.

ಬಟ್ಟಲು ಹಿಡಿದವಳು ನಾನು. ಅವನು ಹೊಸ ತಾಳಿ ಕಟ್ಟುವಾಗ ಅವ್ವನ ಕೊರಳ ಹಿಂದಿನ ಕೂದಲು ಸರಿಸಿಕೊಟ್ಟವಳೂ ನಾನೇ.

ಹೊತ್ತು ಏರಿದ ಮೇಲೆ ಗಿರಿಜಾ ಬಂದಳು. ಅವ್ವನ ಹಳೆಯ ವಿದ್ಯಾರ್ಥಿನಿ. ತಾವರಗೇರಾದಲ್ಲಿ ಟೇಲರಿಂಗ್ ಮಾಡುತ್ತಾಳೆ, ಅವ್ವನ ಕುಪ್ಪಸಗಳನ್ನೆಲ್ಲ ಹೊಲಿದವಳು ಅವಳೇ. ಗಂಡನ ಹೊಡೆತ ತಾಳದೆ ಮಗಳನ್ನು ಕರೆದುಕೊಂಡು ಬಂದುಬಿಟ್ಟಾಗ ಅವಳಿಗೆ ಬೆನ್ನಾಗಿ ನಿಂತದ್ದು ಅವ್ವ. ತವರಿನವರು ತಾಳಿಯಾದರೂ ಇರಲಿ ಎಂದಾಗ ಗಿರಿಜಾ, ತಾಳಿ ಇಲ್ಲದೇ ನಮ್ಮ ಅಕ್ಕೋರು ಬದುಕಿಲ್ಲೇನು ಎಂದು ಕೇಳಿ ತೆಗೆದಿಟ್ಟಿದ್ದಳು.

ಬಾಗಿಲಲ್ಲಿ ನಿಂತು ಅವ್ವನನ್ನು ನೋಡಿದಳು. ಬಳೆ ನೋಡಿದಳು, ಹಣೆ ನೋಡಿದಳು, ಕೊರಳು ನೋಡಿದಳು. ಅಳಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

'ಅಕ್ಕೋರೂ ಕಡೀಕ ಹಾಕ್ಕೊಂಡ್ರೇನ್ರಿ ಅಕ್ಕಾ?'

ಇಲ್ಲ, ನಾವು ಹಾಕಿದೆವು ಎನ್ನಬೇಕಿತ್ತು. ಪಕ್ಕದಲ್ಲೇ ಮಾಮಾ ನಿಂತಿದ್ದರು. ನನ್ನ ಗೋಣು ತಾನೇ ಆಡಿತು. ಹ್ಞೂಂ.

ಸ್ಟುಡಿಯೋ ಹೊರಗಿನ ಬಿಸಿಲಲ್ಲಿ ನನಗೆ ನೆನಪಾದದ್ದು ಆ ಪ್ರಶ್ನೆ. ಒಳಗೆ ಹೋಗಿ, ಕುಂಕುಮ ಬೇಡ, ತಾಳಿ ಬೇಡ, ಹೇಗಿದೆಯೋ ಹಾಗೇ ಪ್ರಿಂಟ್ ಹಾಕಿ ಎಂದೆ. ಹಣೆ ಖಾಲಿ ಕಾಣುತ್ತದಲ್ಲ ಎಂದರು ಮಾಲೀಕರು. ಖಾಲೀನೇ ಇತ್ತು ಎಂದೆ. ಅವರು ಒಂದು ಗುಂಡಿ ಒತ್ತಿದರು, ಕೆಂಪು ಚುಕ್ಕೆ ಹೋಯಿತು. ಅವ್ವ ನನಗೆ ಗೊತ್ತಿರುವ ಅವ್ವ ಆದಳು. ಇಷ್ಟು ಸುಲಭವಿತ್ತೇ?

ಆ ಫೋಟೋಕ್ಕೆ ಅಲ್ಲೇ ಫ್ರೇಮ್ ಹಾಕಿಸಿ, ಹಿಡಿದುಕೊಂಡು ನೇರ ಕುಷ್ಟಗಿ ಬಸ್ ಹತ್ತಿ, ಅಲ್ಲಿ ಬಸ್ ಬದಲಿಸಿ ತಾವರಗೇರಾಕ್ಕೆ ಹೋದೆ. ಗಿರಿಜಾಳ ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದಿತ್ತು. ಅವಳ ಕೊರಳಲ್ಲಿ ಕರಿಮಣಿ ಇತ್ತು. ಎಲ್ಲಿಗೆ ಎಂದು ಕೇಳಿದೆ. ಗಂಡನ ಮನೆಗೆ ಎಂದಳು. ಹಿರಿಯರು ಕೂಡಿದ್ದರಂತೆ. ಗಂಡ ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದನಂತೆ. (ಈ ಆಣೆ ಅವನು ಮೊದಲೂ ಮಾಡಿದ್ದ.) ಇವಳು ಒಲ್ಲೆ ಒಲ್ಲೆ ಎಂದೇ ಕೂತಿದ್ದಳಂತೆ. ಕೊನೆಗೆ ಅವಳ ತಾಯಿ ಅವ್ವನ ಹೆಸರು ತೆಗೆದಳಂತೆ.

'ನಿಮ್ಮ ಅಕ್ಕೋರೇ ಕಡೀಕ ಹಾಕ್ಕೊಂಡು ಹೋದ್ರು, ನಿಂದೇನು ದೊಡ್ಡದು ಅಂದ್ಳ್ರಿ ನಮ್ಮವ್ವ. ನಾನೂ ಹ್ಞೂಂ ಅಂದೆ.'

ನಾನು ಫೋಟೋ ಕೈಗೆ ಕೊಟ್ಟೆ. ಎಲ್ಲ ಹೇಳಿದೆ. ಫೋನ್ ಮಾಡಿದ್ದು, ಸೀರೆ ಬಂದದ್ದು, ಬಟ್ಟಲು ಹಿಡಿದದ್ದು, ಅವಳು ಕೇಳಿದಾಗ ನಾನು ಸುಳ್ಳು ಹೇಳಿದ್ದು. ಇಷ್ಟು ವಯಸ್ಸಾದ ಮೇಲೆ, ಇಷ್ಟೆಲ್ಲ ಬರೆದ ಮೇಲೆ, ಒಬ್ಬ ಹೆಣ್ಣುಮಗಳ ಮುಂದೆ ತಲೆ ಎತ್ತಲಾಗದೆ ನಿಂತೆ. ಅವಳು ಸಿಟ್ಟಾಗಿದ್ದರೆ ಎಷ್ಟೋ ಛಲೋ ಇತ್ತು. ಸೆರಗಿನಿಂದ ಫೋಟೋದ ಗಾಜು ಒರೆಸಿ, ಆ ಖಾಲಿ ಹಣೆಯನ್ನೇ ನೋಡಿದಳು.

'ಅಕ್ಕೋರಿದ್ದಿದ್ರ ನಮ್ಮಿಬ್ರನ್ನೂ ನಿಂದ್ರಸ್ತಿದ್ರು ನೋಡ್ರಿ' ಎಂದಳು.

ಆಮೇಲೆ ಯಂತ್ರದ ಹಗ್ಗ ಬಿಚ್ಚಿದಳು. ಗೋಣಿಚೀಲ ಮಡಚಿ ಬದಿಗಿಟ್ಟು, ಮಗಳು ಸಾಲಿಯಿಂದ ಬರುವ ಹೊತ್ತಾಯಿತು ಎಂದು ಒಳಗೆ ಹೋದಳು. ಹೋಗುತ್ತಾಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ರಾತ್ರಿ ಅವಳದೇ ಮೆಸೇಜ್ ಬಂತು. ಹಿರಿಯರ ಮನೆಗೆ ಹೋಗಿ, ನನ್ನ ಹ್ಞೂಂ ವಾಪಸ್ ತಗೊಂಡೀನಿ ಎಂದು ಹೇಳಿ ಬಂದಳಂತೆ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ತಪ್ಪು ತಿದ್ದಿಕೊಂಡವಳು ಎಂದು ಬೀಗಬಹುದಿತ್ತು. ಆದರೆ ಸ್ಟುಡಿಯೋದಲ್ಲಿ ನಡೆದ ಇನ್ನೊಂದು ಮಾತನ್ನು ನಿಮಗೆ ಹೇಳಿಲ್ಲ. ಮಾಮಾರ ಕಾಪಿಗೆ ಏನು ಮಾಡಲಿ ಎಂದು ಮಾಲೀಕರು ಕೇಳಿದ್ದರು. ಅವರು ಹೇಳಿದ ಹಾಗೇ ಮಾಡಿ ಎಂದಿದ್ದೆ. ಯಲಬುರ್ಗಾದ ಮನೆಯ ಗೋಡೆಯ ಮೇಲೆ ಈಗ ಅವ್ವ ದೊಡ್ಡ ಕುಂಕುಮ ಇಟ್ಟುಕೊಂಡು, ಡಿಸೈನ್ ತಾಳಿ ಹಾಕಿಕೊಂಡು ಕೂತಿದ್ದಾಳೆ. ನಿನ್ನೆ ಮಾಮಾ ಫೋನ್ ಮಾಡಿ, ಫೋಟೋ ಭಾಳ ಛಲೋ ಬಂದೈತಿ, ಹೌದಿಲ್ಲೋ ಎಂದರು. ನಾನೇನು ಅಂದಿರಬಹುದು, ನೀವೇ ಊಹಿಸಿ. ಮಾಮಾ ಈ ಅಂಕಣ ಓದುವುದಿಲ್ಲ. (ಅದಕ್ಕೇ ಇಷ್ಟು ಧೈರ್ಯವಾಗಿ ಬರೆದೆಯಾ ಎಂದು ಕೇಳುತ್ತೀರಾ? ಹೌದು.)

ಗಿರಿಜಾ ಖರೇ ಹೇಳಿ ಕೂತಳು. ಅಕ್ಕೋರ ಮಗಳು ಇನ್ನೂ ನಿಂತೇ ಇದ್ದಾಳೆ.