ಫಕ್ಕೀರೇಶನ ಮುಖ ಒರೆಸಿದ್ದು

ಫಕ್ಕೀರೇಶ ನನ್ನ ತಂಗಿಯ ಮಗ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ನಾನು ಗಂಡ ಸತ್ತ ವರ್ಷದಿಂದ ಅಲ್ಲೇ ಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಕದರಮಂಡಲಗಿಯಿಂದ ದಿನಾ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡೇ ಬಸ್ಸನ್ನು ಹಿಂದೆ ಹಾಕುತ್ತಿದ್ದ. ಇಪ್ಪತ್ನಾಲ್ಕಕ್ಕೇ ಅವನ ಬೆನ್ನು ಹೋಗಿತ್ತು. ಕೂತರೆ ಏಳಲು ಗೋಡೆ ಬೇಕು. ಸೈಕಲ್ ಮೇಲೆ ಮಾತ್ರ ನೋವು ಗೊತ್ತಾಗುವುದಿಲ್ಲ ಎನ್ನುತ್ತಿದ್ದ.

ಎರಡು ಸಾವಿರದ ಆರರ ಮಾಘದಲ್ಲಿ ಒಂದು ದಿನದ ಸೈಕಲ್ ರೇಸು ಇಟ್ಟರು. ಹಾವೇರಿಯಿಂದ ರಾಣೆಬೆನ್ನೂರು, ಅಲ್ಲಿಂದ ಕದರಮಂಡಲಗಿ, ಬ್ಯಾಡಗಿ ಹಾದು ಮತ್ತೆ ಹಾವೇರಿ. ಬಂದವರೆಲ್ಲ ಅದನ್ನೇ ಕಸುಬು ಮಾಡಿಕೊಂಡವರು. ಮೊದಲ ಮೂವರನ್ನು ಪುಣೆಯ ತಂಡವೊಂದು ಪಗಾರದ ಮೇಲೆ ಕರೆದೊಯ್ಯುತ್ತದಂತೆ. ಫಕ್ಕೀರೇಶ ಹೊಸರಿತ್ತಿಯ ಮಾಸ್ತರರೊಬ್ಬರಿಂದ ತೆಳುಗಾಲಿಯ ಸೈಕಲ್ ಇಸಿದುಕೊಂಡು ಹೆಸರು ಬರೆಸಿದ.

ಹಮಾಲರ ಮೇಸ್ತ್ರಿ ಮಾಲತೇಶಪ್ಪ ನಕ್ಕ. "ಹೋಗಲೇ ಸರದಾರ. ಸೋತು ಬಾ, ಎತ್ತರದ ನಿಟ್ಟು ನಿನಗ ಇಟ್ಟಿರ್ತೇನಿ." ಚೀಲದ ಮೇಲೆ ಚೀಲ ಒಟ್ಟಿದ ಆ ಎತ್ತರದ ನಿಟ್ಟಿಗೆ ಹೊತ್ತು ಏರಿಸಿದರೆ ಅವನ ಬೆನ್ನು ವರ್ಷ ತಾಳುತ್ತಿರಲಿಲ್ಲ.

"ದೊಡ್ಡವ್ವ, ಮಾರ್ಕೆಟ್ ಮುಂದ ನೀರ ಹಿಡಕೊಂಡ ನಿಂದ್ರು. ನಾ ಇಳಿಯೂದಿಲ್ಲ," ಎಂದು ಹೇಳಿ ಹೋಗಿದ್ದ.

ಬಂದಾಗ ಎರಡನೆಯವನು! ಮುಖವೆಲ್ಲ ಧೂಳು, ಬೆವರು. ನೀರು ಕುಡಿದ. "ಕಣ್ಣು ಕಾಣವಲ್ವು ದೊಡ್ಡವ್ವ" ಎಂದ. ನಾನು ಸೆರಗನ್ನು ಬಕೆಟ್ಟಿನಲ್ಲಿ ಅದ್ದಿ, ಸೈಕಲ್ಲಿನ ಪಕ್ಕದಲ್ಲೇ ಓಡುತ್ತ ಎರಡೂ ಕಣ್ಣು ತಿಕ್ಕಿ ಒರೆಸಿದೆ.

ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ತೊಟ್ಟು ಬಿಡಿಸುವಾಗ ಮೂಗಿಗೆ ಸುತ್ತಿಕೊಂಡ ಸೆರಗಿನಿಂದಲೇ ಮಕ್ಕಳ ಮೂಗು ಒರೆಸುವವರು ನಾವು. ಆದರೆ ಅವತ್ತು ಬೆಳಗಿನಿಂದ ಬಿಡಿಸಿದ್ದು ಗುಂಟೂರು ಕಾಯಿ. ಸೀನಿ ಸೀನಿ ಸಾಕಾಗಿತ್ತು. ಆದರೂ ಆ ಗಳಿಗೆಯಲ್ಲಿ ತಲೆಗೆ ಹೊಳೆಯಲಿಲ್ಲ.

ಮೋಟೆಬೆನ್ನೂರಿನ ಹತ್ತಿರ ರಸ್ತೆ ಬಿಟ್ಟು ಗಟಾರಕ್ಕೆ ಹೋಗಿ ಬಿದ್ದ. ಟೆಂಪೋದಲ್ಲಿ ಹಿಂದೆ ಹೋಗಿದ್ದ ಹಮಾಲರು ನೋಡಿದ್ದಾರೆ. ಕಣ್ಣು ಮುಚ್ಚಿಕೊಂಡೇ ಎದ್ದು, ಸೈಕಲ್ ತಡಕಾಡುತ್ತ, "ಎಷ್ಟು ಮಂದಿ ಹೋದ್ರು?" ಎಂದು ಕೇಳಿದನಂತೆ.

"ಎಲ್ಲಾರೂ ಹೋದ್ರು, ನೀ ಒಬ್ಬನ ಉಳಿದಿ," ಎಂದು ಇವರು ನಕ್ಕರಂತೆ.

ಮೂರನೆಯ ದಿನ ಬಾತ ಕಣ್ಣಿನಲ್ಲೇ ಕೆಲಸಕ್ಕೆ ಬಂದ. ಮಾಲತೇಶಪ್ಪ ಮಾತು ಉಳಿಸಿಕೊಂಡ. ಮಧ್ಯಾಹ್ನದವರೆಗೆ ಎತ್ತರದ ನಿಟ್ಟಿಗೇ ಹೊರಿಸಿದ. ರೊಟ್ಟಿಗೆ ಕೂತಾಗ ಎಲ್ಲರಿಗೂ ಕೇಳುವಂತೆ ಕೂಗಿದ:

"ದೇವವ್ವಾ, ಸರದಾರ ಬೆವತಾನ ನೋಡಬೇ. ಮುಖ ಒರಸು!"

ಹೆಂಗಸರೂ ನಕ್ಕರು. ಫಕ್ಕೀರೇಶ ಎದ್ದು ಬಂದು ನನ್ನ ಮುಂದೆ ನಿಂತ. ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದ.

"ಒರಸು ದೊಡ್ಡವ್ವ."

ಚೇಷ್ಟೆ ಎಂದುಕೊಂಡು ನಾನೂ ನಕ್ಕೆ. ಅವನು ಅಲುಗಲಿಲ್ಲ. ನಗುವವರ ನಗು ನಿಂತಿತು. ಬುತ್ತಿ ಕಟ್ಟಿ ತಂದಿದ್ದ ಒಗೆದ ಬಟ್ಟೆಯನ್ನು ಬಿಚ್ಚಿ ಅವನ ಹಣೆಗೆ ಒಯ್ದೆ.

ಅವನು ನನ್ನ ಕೈ ಹಿಡಿದ.

"ಅದಲ್ಲ," ಎಂದ. "ಸೆರಗು."