ಅಪ್ಪ ಬಿಡಿಸಿದ ಬೆರಕೆ ಸೊಪ್ಪು

ಅವ್ವ ಹೆರಿಗೆಗೆ ತವರಿಗೆ ಹೋದ ವರ್ಷ ನನಗೆ ಹತ್ತು ತುಂಬಿತ್ತು. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ಈ ಸಲ ಹೊನ್ನಾಳಿ ಕಡೆಯಿಂದ ಅಜ್ಜನೇ ನಮ್ಮೂರು ಸೊಕ್ಕೆಗೆ ಬಂದು, ಏಳನೇ ತಿಂಗಳಿಗೇ ಆಕೆಯನ್ನು ಕರೆದುಕೊಂಡು ಹೋದ. ಅಪ್ಪನಿಗೆ ಬೇಯಿಸಿ ಹಾಕಲು ನಾನು ಉಳಿದೆ. ಮುದ್ದೆ ಮಾಡುವುದನ್ನೂ ಬೇಳೆ ಬೇಯಿಸುವುದನ್ನೂ ಕಲಿಸಿ, ತರಕಾರಿಯನ್ನು ಸಂತೆಯಿಂದ ತರಿಸಿಕೋ ಎಂದು ಹೇಳಿ ಅವ್ವ ಹೊರಟಿದ್ದಳು.

ಅವ್ವನದು ಹೊಳೆ ದಂಡೆಯ ಊರು. ಬದನೆ, ಹೀರೆ ಮನೆ ಮುಂದೆಯೇ ಬೆಳೆಯುತ್ತಿದ್ದವಂತೆ. ನಮ್ಮ ಒಣಸೀಮೆಗೆ ಬಂದ ಮೇಲೂ ಆಕೆ ನೆಚ್ಚಿದ್ದು ತರಕಾರಿಯನ್ನೇ. ಮಳೆಗೆ ಹಿತ್ತಲಲ್ಲಿ ಎದ್ದದ್ದನ್ನೆಲ್ಲ ಕಿತ್ತು ದನದ ಮುಂದೆ ಹಾಕುತ್ತಿದ್ದಳು. ಅಪ್ಪ ಅದನ್ನು ನೋಡಿಯೂ ಏನೂ ಅನ್ನುತ್ತಿರಲಿಲ್ಲ. ಮಾತು ಕಡಿಮೆ ಅವನದು. ಹೊಲದಲ್ಲಿ ಕುಂಟೆ ಹೊಡೆದು, ಕಳೆ ಕಿತ್ತು, ಬಂದು ಉಂಡು ಮಲಗುವುದನ್ನಷ್ಟೇ ನಾನು ಕಂಡಿದ್ದೆ. ಒಲೆಯ ಹತ್ತಿರ ಅವನು ಕೂತದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಮುಂಗಾರು ಹಿಡಿದು ಬಿತ್ತನೆ ಶುರುವಾದಾಗ ಎರಡು ವಾರ ಸಂತೆಗೆ ಹೋಗಲು ಯಾರಿಗೂ ಬಿಡುವಾಗಲಿಲ್ಲ. ಬುಟ್ಟಿಯಲ್ಲಿ ಉಳಿದದ್ದು ಈರುಳ್ಳಿ, ಬೆಳ್ಳುಳ್ಳಿ ಮಾತ್ರ. ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಬಂದಾಗ ನಾನು ಬೇಳೆ ಬೇಯಲು ಇಟ್ಟು, ಅದಕ್ಕೆ ಹಾಕಲು ಏನೂ ಇಲ್ಲವೆಂದು ಅಳುವ ಮುಖ ಮಾಡಿಕೊಂಡು ಕೂತಿದ್ದೆ. ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದವನು, ಗಡಿಗೆಯಲ್ಲಿ ಇಣುಕಿ ನೋಡಿ, ಮೊರ ತಗೊಂಡು ಹಿತ್ತಲಿಗೆ ನಡೆದ. ನಾನೂ ಹಿಂದೆ ಹೋದೆ.

ಅವ್ವ ಇಲ್ಲದ್ದರಿಂದ ಹಿತ್ತಲು ಆಳೆತ್ತರ ಅಲ್ಲದಿದ್ದರೂ ನನ್ನ ಮೊಣಕಾಲೆತ್ತರ ಹಸಿರಾಗಿತ್ತು. ನನ್ನ ಕಣ್ಣಿಗೆ ಅದೆಲ್ಲ ಒಂದೇ ಹಸಿರು. ಅಪ್ಪ ಕುಕ್ಕರಗಾಲಲ್ಲಿ ಕೂತು ಕೈ ಆಡಿಸತೊಡಗಿದ. ಹೊಲದಲ್ಲಿ ಕಳೆಯನ್ನು ಬುಡಸಮೇತ ಕಿತ್ತು ಎಸೆಯುವ ಆ ಒರಟು ಕೈ ಇಲ್ಲಿ ಕುಡಿಯನ್ನಷ್ಟೇ ಚಿವುಟುತ್ತಿತ್ತು, ಬೇರು ಅಲುಗದಂತೆ. ಒಂದೊಂದಕ್ಕೂ ಹೆಸರು ಹೇಳಿದ. ಇದು ಅಣ್ಣೆ ಸೊಪ್ಪು. ನೆಲಕ್ಕೆ ಅಂಟಿಕೊಂಡ ದಪ್ಪ ಎಲೆಯದು ಗೋಣಿ, ಹುಳಿ ಇರುತ್ತದೆ, ಸಾರಿಗೆ ಹುಣಸೆಹಣ್ಣು ಬೇಡ. ನೀಲಿ ಹೂವಿನದು ಕನ್ನೆ. ಬಚ್ಚಲ ನೀರು ಹರಿಯುವ ಕಡೆ ಹಬ್ಬಿದ್ದು ಹೊನಗೊನ್ನೆ. ಗಣಿಕೆ ಸೊಪ್ಪಿನ ಪಕ್ಕದಲ್ಲೇ ಎದ್ದಿದ್ದ ಇನ್ನೊಂದು ಗಿಡ ತೋರಿಸಿ, ಇದು ಉಮ್ಮತ್ತಿ, ವಿಷ, ಮುಟ್ಟಿದರೆ ಕೈ ತೊಳೆದುಕೋ ಎಂದ. ಮೊರ ತುಂಬುವಷ್ಟರಲ್ಲಿ ನಾನು ಹುಟ್ಟಿದಾಗಿನಿಂದ ಓಡಾಡಿದ ಹಿತ್ತಲು ನನಗೆ ಗೊತ್ತೇ ಇಲ್ಲದ ಜಾಗವಾಗಿತ್ತು. ಕಾಲಿಡಲೂ ಹಿಂಜರಿದು ನಿಂತೆ.

ನಿನಗೆ ಯಾರು ಹೇಳಿಕೊಟ್ಟರೆಂದು ಕೇಳಿದೆ.

"ನಮ್ಮಕ್ಕ," ಎಂದ ಅಪ್ಪ.

ಅಪ್ಪನಿಗೊಬ್ಬ ಅಕ್ಕ ಇದ್ದಳೆಂದು ನಾನು ಕೇಳಿದ್ದು ಅದೇ ಮೊದಲು. ಸೊಪ್ಪು ಸೋಸುತ್ತಾ ಅಪ್ಪ ಹೇಳಿದ. ಅವನು ಆರೇಳು ವರ್ಷದವನಿದ್ದಾಗ ಪ್ಲೇಗು ಬಂದು ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತಂತೆ. ಹೋದ ಎಂಟು ದಿನಕ್ಕೇ ಅವನ ತಾಯಿ ತೀರಿಕೊಂಡಳು. ಸಂತೆ ನಿಂತಿತ್ತು. ಬೇರೆ ಊರಿನವರು ಇವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಇದ್ದ ಹಿಡಿ ಜೋಳವನ್ನು ನುಚ್ಚು ಮಾಡಿ, ಅದಕ್ಕೆ ಮೂರು ಪಾಲು ಸೊಪ್ಪು ಬೆರೆಸಿ ಅಕ್ಕ ತಮ್ಮನಿಗೆ ಉಣ್ಣಿಸುತ್ತಿದ್ದಳಂತೆ. ತಾಯಿಯಿಂದ ಕಲಿತ ನಾಲ್ಕೈದು ಸೊಪ್ಪು ಮುಗಿದ ಮೇಲೆ ಗುರುತಿಲ್ಲದವನ್ನೂ ತರತೊಡಗಿದಳು.

"ಹೊಸಾ ಸೊಪ್ಪು ಸಿಕ್ರೆ ಮೊದ್ಲು ತಾನು ತಿಂತಿದ್ಲು," ಎಂದ ಅಪ್ಪ. "ಒಂದ್ ದಿನ ನಂಗೆ ಮುಟ್ಟಾಕೆ ಬಿಡ್ತಿರಲಿಲ್ಲ. ಮಾರನೇ ದಿನ ಎದ್ದು, ನಾನು ಚೆನ್ನಾಗಿದೀನಿ, ನೀನು ತಿನ್ನು ಅಂತಿದ್ಲು."

"ಆಕಿ ಎಷ್ಟು ದೊಡ್ಡಾಕಿ ಇದ್ಲಪ್ಪಾ?"

"ನಿನ್ನಷ್ಟೇ."

ಮಳೆ ನಿಂತು ಊರಿಗೆ ಮರಳುವ ಹೊತ್ತಿಗೆ ಅವಳೂ ಇರಲಿಲ್ಲ. ಸೊಪ್ಪಿನಿಂದ ಅಲ್ಲ, ಅದೇ ಜ್ವರದಿಂದ ಹೋದಳೆಂದ. ಸೊಪ್ಪನ್ನು ಮೂರು ಸಲ ತೊಳೆದು ಬೇಳೆಗೆ ಹಾಕಿ, ಬೆಂದ ಮೇಲೆ ಕಡಗೋಲಲ್ಲಿ ಮಸೆದು, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟ. ನಾನು ಮುದ್ದೆ ಕಟ್ಟಿದೆ. ಗೋಣಿಯ ಹುಳಿ, ಗಣಿಕೆಯ ಸಣ್ಣ ಕಹಿ, ಅಣ್ಣೆಯ ನುಣುಪು ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತಿದ್ದವು. ನನ್ನಷ್ಟೇ ಇದ್ದ ಒಬ್ಬ ಹುಡುಗಿ ಇವನ್ನು ಬಾಯಿಗೆ ಹಾಕಿಕೊಂಡು, ಬೆಳಗಿನವರೆಗೆ ಕಾದು ನೋಡಿದ್ದಳು. ಅದಕ್ಕೇ ಅಪ್ಪ ಇದ್ದ, ಅಪ್ಪ ಇದ್ದುದಕ್ಕೇ ನಾನಿದ್ದೆ. ಆ ವಯಸ್ಸಿಗೆ ಇಷ್ಟು ತಿಳಿಯಾಗಿ ಅಂದುಕೊಳ್ಳಲು ನನಗೆ ಬರುತ್ತಿರಲಿಲ್ಲ. ಆದರೆ ಎರಡನೇ ತುತ್ತು ಎತ್ತಲು ತಡವಾದದ್ದು ಈಗಲೂ ನೆನಪಿದೆ.

ಆ ಮಳೆಗಾಲವೆಲ್ಲ ನಾನು ನೆಲ ನೋಡಿಕೊಂಡೇ ನಡೆದೆ. ಬೇಲಿಯ ಬುಡ, ತಿಪ್ಪೆಯ ಅಂಚು, ಕಲ್ಲುಸಂದಿ, ಎಲ್ಲಿ ನೋಡಿದರೂ ಯಾರೂ ಬಿತ್ತದ, ನೀರು ಹಾಕದ ಅಡುಗೆ ಎದ್ದಿರುತ್ತಿತ್ತು. ಸಂತೆಗೆ ಹೋಗಲು ಬಿಡುವಾದ ಮೇಲೂ ತರಕಾರಿ ತಾ ಎಂದು ನಾನು ಅಪ್ಪನಿಗೆ ಹೇಳಲಿಲ್ಲ.

ಅವ್ವ ತಂಗಿಯನ್ನು ಮಡಿಲಲ್ಲಿ ಹೊತ್ತು ಬಂದದ್ದು ಹಿರಿಯರ ಹಬ್ಬಕ್ಕೆ ನಾಲ್ಕು ದಿನ ಮೊದಲು. ಹಿತ್ತಲು ನೋಡಿ, ಇದೇನು ಕಾಡು ಮಾಡಿದ್ದೀಯಾ ಎಂದು ನನ್ನನ್ನು ಬೈದಳು. ಉಣ್ಣಲು ಕೂತು ಸಾರಿನ ರುಚಿ ನೋಡಿದವಳು ಯಾವ ಸೊಪ್ಪೆಂದು ಕೇಳಿದಳು. ಅಪ್ಪ ತಲೆ ತಗ್ಗಿಸಿದ್ದರಿಂದ ಅವನ ಅಕ್ಕನ ಕಥೆಯನ್ನು ನಾನೇ ಹೇಳಿದೆ. ಅವ್ವ ಎತ್ತಿದ ತುತ್ತನ್ನು ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು.

"ಇಷ್ಟು ವರ್ಷ ಇವನ್ನೆಲ್ಲ ದನಕ್ಕೆ ಹಾಕಿದೆನಲ್ರೀ. ಒಂದು ಮಾತು ಹೇಳಬಾರದಿತ್ತಾ?"

"ಹೇಳಾಕೆ ಬರಲಿಲ್ಲ," ಎಂದ ಅಪ್ಪ.

ಹಬ್ಬದ ದಿನ ತೀರಿಹೋದ ಹಿರಿಯರಿಗೆ ಎಡೆ ಇಡುವಾಗ ಅವ್ವ ಒಂದು ಎಲೆ ಹೆಚ್ಚಿಗೆ ಹಾಕಿದಳು. ನಿಮ್ಮಕ್ಕನಿಗೆ ಯಾವ ಸೊಪ್ಪು ಸೇರುತ್ತಿತ್ತೆಂದು ಅಪ್ಪನನ್ನು ಕೇಳಿದಳು. ಅಪ್ಪ ಯೋಚಿಸಿದ. ಅಕ್ಕ ತನಗೆ ಬಡಿಸಿದ್ದು ನೆನಪಿದೆ, ಅವಳು ಏನನ್ನು ಇಷ್ಟಪಟ್ಟು ತಿಂದಳೆಂದು ತಾನು ನೋಡಲೇ ಇಲ್ಲ ಎಂದ. ಅವ್ವ ತಂಗಿಯನ್ನು ಅವನ ತೊಡೆಯ ಮೇಲೆ ಮಲಗಿಸಿ, ಮೊರ ಹಿಡಿದು ನನ್ನ ಜೊತೆ ಹಿತ್ತಲಿಗೆ ಬಂದಳು. ಆ ದಿನ ನಾವಿಬ್ಬರೂ ಹಿತ್ತಲಲ್ಲಿದ್ದ ತಿನ್ನುವ ಸೊಪ್ಪುಗಳಲ್ಲಿ ಒಂದನ್ನೂ ಬಿಡದೆ ಎಲ್ಲದರ ಕುಡಿ ಚಿವುಟಿದೆವು.