ಶನಿವಾರ ಬಿಟ್ಟುಬಂದ ಸೈಕಲ್

ಅಜ್ಜಿಯ ಶನಿವಾರದಿಂದಾಗಿ ನಿಮ್ಮಮ್ಮನ ಸೈಕಲ್ ತಪ್ಪಿತು ಎಂದು ನೀವಿಬ್ಬರೂ ಜರ್ಮನ್‌ನಲ್ಲಿ ಹೇಳಿಕೊಂಡು ನಗುತ್ತೀರಿ. ಆ ಭಾಷೆ ಬಾರದಿದ್ದರೂ ಅಷ್ಟು ನನಗೆ ತಿಳಿಯುತ್ತದೆ. ಎದುರಿಗೆ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕನ್ನಡ ಓದು ನಿಧಾನ. ನಿಧಾನವಾಗಿಯೇ ಓದಿ.

ನಿಮ್ಮಮ್ಮ ರೋಡ್ ಸೈಕಲ್ ಹೊಡೆಯುವವಳು. ಭಾನುವಾರ ಬೆಳಿಗ್ಗೆ ಕ್ಲಬ್ಬಿನವರ ಜೊತೆ ನಾವಿರುವ ಈ ಇಂಗೋಲ್‌ಸ್ಟಾಟ್ ಊರು ಬಿಟ್ಟರೆ ಊಟದ ಹೊತ್ತಿಗೆ ಮರಳುತ್ತಿದ್ದಳು. ಆ ವರ್ಷ ಅವಳಿಗೆ ಕಾಡಿನ ದಾರಿಯ ರೇಸಿನ ಆಸೆ ಹುಟ್ಟಿತು. ಅದಕ್ಕೆ ಬೇರೆಯದೇ ಸೈಕಲ್ ಬೇಕು, ಮೌಂಟನ್ ಬೈಕ್. ಚಳಿಗಾಲವೆಲ್ಲ ಅಡುಗೆಮನೆಯಲ್ಲಿ ಫೋನಿನ ಚಿತ್ರ ತೋರಿಸುತ್ತ ನನ್ನೊಡನೆ ಅದೇ ಮಾತು. ಹಿಂದಿನ ಗಾಲಿಗೂ ಕುಲುಕು ತಡೆಯುವ ಸಸ್ಪೆನ್ಶನ್ ಬೇಕೋ, ಮುಂದೆ ಮಾತ್ರ ಸಾಕೋ ಎಂದು ನನ್ನನ್ನೇ ಕೇಳುತ್ತಿದ್ದಳು. ಈ ಮನೆಯಲ್ಲಿ ನನಗೆ ಅದಕ್ಕಿಂತ ಒಳ್ಳೆಯ ದಿನಗಳು ಬರಲಿಲ್ಲ.

ಇಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ವಾರದ ದಿನ ನಿಮ್ಮಪ್ಪ ಅಮ್ಮ ಇಬ್ಬರಿಗೂ ಕೆಲಸ. ಹಾಗಾಗಿ ಶನಿವಾರ ನಾವು ಮೂವರೂ ಹೋದೆವು. ಅಂಗಡಿಯವನು ಹೊರಗೆ ತಂದ ಸೈಕಲ್ಲಿನ ಟೈರ್ ಒತ್ತಿ ನೋಡಿ ನಿಮ್ಮಮ್ಮ, "ಗಾಳಿನೇ ಇಲ್ವಲ್ಲ" ಎಂದಳು. ರಸ್ತೆಯ ಟೈರು ಕಲ್ಲಿನಂತಿರಬೇಕು. ಕಾಡಿನಲ್ಲಿ ಮೆತ್ತಗಿದ್ದರೇ ಹಿಡಿತವಂತೆ. ಅವನು ಹೇಳಿದ್ದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಹ್ಯಾಂಡಲ್ ಬಹಳ ಅಗಲ. "ಎಮ್ಮೆ ಕೊಂಬು ಹಿಡಿದ ಹಾಗಿದೆ ಅತ್ತೆ."

ಹಗುರವಾದದ್ದೇ ಬೇಕೆಂದು ಬಂದವಳು, ಹಿಂದೆ ಸಸ್ಪೆನ್ಶನ್ ಇಲ್ಲದ್ದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅಂಗಡಿಯ ಹಿಂದಿನ ಕಾಡುಹಾದಿಯಲ್ಲಿ ಎರಡನ್ನೂ ಓಡಿಸಿ, ಮೈಗೆಲ್ಲ ಕೆಸರು ಮಾಡಿಕೊಂಡು ಬಂದವಳು ಸಸ್ಪೆನ್ಶನ್ ಇದ್ದದ್ದನ್ನೇ ಹಿಡಿದು ನಿಂತಳು. "ಒಂಚೂರು ಭಾರ. ಆದ್ರೆ ಮರದ ಬೇರುಗಳ ಮೇಲೂ ಕೂತೇ ತುಳೀಬಹುದು." ಅವಳ ಅಳತೆಯದು ಅದೊಂದೇ ಇತ್ತು.

ಆಗ ನಿಮ್ಮಪ್ಪ, "ಇವತ್ತ ಬ್ಯಾಡ. ಶನಿವಾರ ಕಬ್ಬಿಣ ತರೂದು ಅವ್ವಗ ಸೇರೂದಿಲ್ಲ" ಎಂದ.

"ರೀ, ಇದು ಕಬ್ಬಿಣ ಅಲ್ಲ, ಕಾರ್ಬನ್," ಎಂದು ಅವಳು ನಕ್ಕಳು.

"ಚೈನು? ಬೋಲ್ಟು?"

"ಅಡ್ವಾನ್ಸ್ ಆದ್ರೂ ಕೊಟ್ಟು ಹೋಗೋಣ."

"ಅದೂ ಕೊಂಡಂಗನ."

ಅವಳು ನನ್ನ ಕಡೆ ತಿರುಗಿದಳು. "ನಾ ಹಂಗ ಅಂದಿಲ್ಲವಾ," ಎಂದೆ. ನನ್ನ ದನಿ ಸಣ್ಣದು.

"ನೀ ಸುಮ್ನಿರವ್ವ," ಎಂದ ಅವನು. ಅವಳಿಗೆ, "ನಿನ್ನ ಮುಂದ ಸಂಕೋಚ ಮಾಡ್ಕೋತಾಳ" ಎಂದ.

ನಮ್ಮೂರ ಸಂತೆ ಇದ್ದದ್ದೇ ಶನಿವಾರ. ಕುಡುಗೋಲು, ಮೊಳೆ, ಕೊಡಲಿ, ನಿಮ್ಮಜ್ಜ ತಂದ ಕಬ್ಬಿಣವೆಲ್ಲ ಮನೆಗೆ ಬಂದದ್ದು ಶನಿವಾರವೇ. ಅವರ ಹೆಗಲ ಮೇಲೆ ಕೂತು ಸಂತೆಗೆ ಹೋಗುತ್ತಿದ್ದವನು ನಿಮ್ಮಪ್ಪ. ಹೆಂಡತಿ ಇನ್ನಷ್ಟು ಭಾನುವಾರ ಮನೆ ಬಿಡುವುದು ಅವನಿಗೆ ಬೇಡವಾಗಿತ್ತು. ಬೇಡ ಎನ್ನುವ ಧೈರ್ಯವಿರಲಿಲ್ಲ. ಹಳ್ಳಿಯ ವಿಧವೆ ಇಂಥದ್ದನ್ನೆಲ್ಲ ನಂಬುತ್ತಾಳೆ ಎಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲ.

ಸೋಮವಾರ ಅವಳು ಫೋನ್ ಮಾಡುವಷ್ಟರಲ್ಲಿ ಸೈಕಲ್ ಮಾರಿಹೋಗಿತ್ತು. ಆ ಅಳತೆಯದು ಮತ್ತೆ ಬರುವುದು ರೇಸ್ ಮುಗಿದ ಮೇಲೆ. ಅಡುಗೆಮನೆಯ ಮಾತು ಅಲ್ಲಿಗೆ ನಿಂತಿತು. ಈಗ ಶನಿವಾರ ಅಂಗಡಿಗೆ ಹೊರಟಾಗ, "ಅತ್ತೆ, ಇವತ್ತು ಬಾಣಲೆ ತರಬಹುದಾ?" ಎನ್ನುತ್ತಾಳೆ. ನಿಮ್ಮಪ್ಪನೂ ನಗುತ್ತಾನೆ.

ಕಳೆದ ತಿಂಗಳು ಅವಳೊಬ್ಬಳೇ ಇದ್ದಾಗ ಸಂತೆಯ ವಿಷಯ ಹೇಳಿದೆ. ಅವಳು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಅತ್ತೆ. ಅಂಗಡೀಲೇ ಗೊತ್ತಾಯ್ತು. ಅವರ ಜೊತೆ ಜಗಳಕ್ಕೆ ಕೂತ್ರೆ ಸಂಸಾರ ನಡೆಯುತ್ತಾ? ನಿಮಗಾದ್ರೆ ಒಂದು ಮಾತು ಅಂದು ನಾನು ಸುಮ್ಮನಾಗಬಹುದು."

ನಾನು ಕೊತ್ತಂಬರಿ ಸೋಸುತ್ತ ಕೂತೆ. ಶನಿವಾರ ನನ್ನ ತಲೆಯ ಮೇಲಿದ್ದರೆ ಇಬ್ಬರಿಗೂ ಅನುಕೂಲ.

ಇದನ್ನು ಓದಿ ನಿಮ್ಮಪ್ಪನನ್ನು ಕೇಳಲು ಹೋಗಬೇಡಿ. ಅಜ್ಜಿಗೆ ಈಗ ಮರೆವು ಎಂದುಬಿಡುತ್ತಾನೆ.